ವೆಬ್ ಬಂದ ಮೇಲೆ ಸಾಫ್ಟ್‌ವೇರ್ ಕೆಲಸ ಹೇಗೆ ಬದಲಾಯಿತು: ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತು ವರ್ಷಕ್ಕೂ ಜಾಸ್ತಿ ಬೆಂಗಳೂರಿನಲ್ಲಿ ವೆಬ್ ಕೆಲಸ ಮಾಡಿಕೊಂಡು ಬಂದಿದ್ದೇನೆ. ಮದುವೆ ಮನೆಯ ಪಂಕ್ತಿಯಲ್ಲಿ, ರಾತ್ರಿ ಬಸ್ಸಿನಲ್ಲಿ, ಕಾಲೇಜುಗಳಿಗೆ ಮಾತಾಡಲು ಹೋದಾಗ, ಆಮೇಲೆ ಬರುವ ಮೇಲ್‌ಗಳಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವರು ಕೇಳಿದ ಮಾತಿನಲ್ಲೇ ಬರೆದಿದ್ದೇನೆ. ಮೊದಲು ಎಲ್ಲರೂ ಕೇಳುವವು, ಆಮೇಲೆ ಕನ್ನಡದವು, ಕೊನೆಗೆ ಈ ಕೆಲಸ ಮಾಡುವವರ ಮತ್ತು ಕಲಿಯುವವರ ಪ್ರಶ್ನೆಗಳು. ನಿಮಗೆ ಬೇಕಾದದ್ದನ್ನಷ್ಟೇ ಓದಿದರೂ ಅರ್ಥವಾಗುತ್ತದೆ.

## ಎಲ್ಲರೂ ಕೇಳುವವು

ವೆಬ್‌ಸೈಟ್ ಬೇರೆ, ಸಾಫ್ಟ್‌ವೇರ್ ಬೇರೆ ಅಲ್ವಾ?

ಮೊದಲು ಬೇರೆಯೇ ಆಗಿತ್ತು. ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ವೆಬ್‌ನ ಯೋಚನೆ ಮುಂದಿಟ್ಟಾಗ, ವಿಜ್ಞಾನಿಗಳ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿ ಓದುವಂತಾಗಲಿ ಎಂಬುದಷ್ಟೇ ಉದ್ದೇಶ. ವೆಬ್ ಪುಟ ಓದುವುದಕ್ಕೆ, ಸಾಫ್ಟ್‌ವೇರ್ ಕೆಲಸ ಮಾಡುವುದಕ್ಕೆ. ಹೀಗಿತ್ತು ಲೆಕ್ಕ.

ಆ ಗೋಡೆಯಲ್ಲಿ ಮೊದಲು ಬಿರುಕು ಬಿಟ್ಟದ್ದು ಇಮೇಲ್‌ನಿಂದ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಜಾಕ್ ಸ್ಮಿತ್ ಸೇರಿ 1996ರ ಜುಲೈ 4ರಂದು ಅಮೆರಿಕದಲ್ಲಿ ಹಾಟ್‌ಮೇಲ್ ಶುರು ಮಾಡಿದರು. ಯಾವ ಊರಿನ ಸೈಬರ್ ಕೆಫೆಯಲ್ಲಿ ಕೂತರೂ ನಮ್ಮ ಪತ್ರಗಳು ಸಿಗುತ್ತಿದ್ದವು, ಏನೂ ಇನ್‌ಸ್ಟಾಲ್ ಮಾಡಬೇಕಿರಲಿಲ್ಲ. 2004ರ ಏಪ್ರಿಲ್ 1ರಂದು ಜಿಮೇಲ್ ಬಂತು. ಹಾಟ್‌ಮೇಲ್‌ನಲ್ಲಿ ಆಗ ಉಚಿತವಾಗಿ ಸಿಗುತ್ತಿದ್ದ ಜಾಗ 2 ಎಂಬಿ. ಜಿಮೇಲ್ 1 ಜಿಬಿ ಕೊಟ್ಟಿತು. ಮರುವರ್ಷ ಗೂಗಲ್ ಮ್ಯಾಪ್ಸ್. ನಕ್ಷೆಯನ್ನು ಮೌಸ್‌ನಲ್ಲಿ ಹಿಡಿದು ಎಳೆದರೆ, ಪುಟ ಮತ್ತೆ ಲೋಡ್ ಆಗದೆ ಪಕ್ಕದ ಭಾಗ ತಾನಾಗಿ ಬಂದು ಕೂಡಿಕೊಳ್ಳುತ್ತಿತ್ತು. ನಮ್ಮ ಆಫೀಸಿನಲ್ಲಿ ಆವತ್ತು ಎಲ್ಲರೂ ಒಂದೇ ಮಾನಿಟರ್ ಸುತ್ತ ನಿಂತಿದ್ದೆವು. ಪುಟ ಬದಲಿಸದೆ ಹಿಂದಿನಿಂದಲೇ ಸರ್ವರ್ (ಸೈಟನ್ನು ಇಟ್ಟಿರುವ ದೂರದ ಕಂಪ್ಯೂಟರ್) ಜೊತೆ ಮಾತಾಡುವ ಆ ಉಪಾಯ 1999ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5 ಬ್ರೌಸರ್‌ನಲ್ಲೇ ಇತ್ತು. ಅದರಿಂದ ಇಷ್ಟೆಲ್ಲ ಆಗುತ್ತದೆ ಎಂದು ಹೆಚ್ಚಿನವರಿಗೆ ಹೊಳೆದದ್ದು ಮ್ಯಾಪ್ಸ್ ನೋಡಿದ ಮೇಲೆ. ಈಗ ಬ್ಯಾಂಕು, ಪಹಣಿ, ರೈಲು ಟಿಕೆಟ್, ಲೆಕ್ಕದ ಪುಸ್ತಕ ಎಲ್ಲವೂ ಬ್ರೌಸರ್ ಒಳಗೇ ನಡೆಯುತ್ತವೆ.

ಮೊದಲು ಸಿಡಿ ಹಾಕಿ ಇನ್‌ಸ್ಟಾಲ್ ಮಾಡ್ತಿದ್ವಿ. ಆ ಕಾಲಕ್ಕೂ ಈ ಕಾಲಕ್ಕೂ ನಿಮ್ಮ ಕೆಲಸದಲ್ಲಿ ಏನು ವ್ಯತ್ಯಾಸ?

ಹಪ್ಪಳ ಮಾಡಿ ಮಾರುವುದಕ್ಕೂ ಹೋಟೆಲ್ ನಡೆಸುವುದಕ್ಕೂ ಇರುವಷ್ಟು ವ್ಯತ್ಯಾಸ. ಹಪ್ಪಳ ಒಣಗಿಸಿ, ಕಟ್ಟಿ, ಅಂಗಡಿಗೆ ಕೊಟ್ಟರೆ ನಮ್ಮ ಕೆಲಸ ಮುಗಿಯಿತು. ಹೋಟೆಲ್ ಆದರೆ ಬೆಳಗ್ಗೆ ಆರಕ್ಕೆ ಇಡ್ಲಿ ಬೆಂದಿರಬೇಕು, ದಿನಾ.

ಸಿಡಿ ಒತ್ತಿಸಿದ ಮೇಲೆ ತಪ್ಪು ಸಿಕ್ಕರೆ ತಿದ್ದಿದ್ದನ್ನು ಜನರಿಗೆ ತಲುಪಿಸುವುದು ಬಹಳ ಕಷ್ಟವಾಗಿತ್ತು. ಹಾಗಾಗಿ ವರ್ಷಗಟ್ಟಲೆ ಬರೆದು, ತಿಂಗಳುಗಟ್ಟಲೆ ಪರೀಕ್ಷಿಸಿ ಬಿಡುಗಡೆ ಮಾಡುತ್ತಿದ್ದರು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ಬಂದದ್ದು 2001ರಲ್ಲಿ, 7 ಬಂದದ್ದು 2006ರಲ್ಲಿ. ನಡುವೆ ಐದು ವರ್ಷ! ಈಗ ಕ್ರೋಮ್ ಕೆಲವೇ ವಾರಗಳಿಗೊಂದು ಆವೃತ್ತಿ ಬಿಡುತ್ತದೆ. ವೆಬ್‌ಸೈಟ್‌ಗಳು ಇನ್ನೂ ಬೇಗ. 2009ರಲ್ಲೇ ಫೋಟೋ ಹಂಚುವ ಸೈಟ್ ಫ್ಲಿಕರ್‌ನ ಜಾನ್ ಆಲ್‌ಸ್ಪಾ ಮತ್ತು ಪಾಲ್ ಹ್ಯಾಮಂಡ್ ಒಂದು ಸಮ್ಮೇಳನದಲ್ಲಿ ತಾವು ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ಹೊಸ ಕೋಡ್ ಹಾಕುತ್ತೇವೆ ಎಂದಾಗ ಕೇಳಿದವರಿಗೆ ನಂಬುವುದೇ ಕಷ್ಟವಾಗಿತ್ತು. ಈಗ ಅದು ಮಾಮೂಲು.

ಕೋಡ್ ಬರೆದವನೇ ಅದನ್ನು ನಡೆಸುವ ಹೊಣೆಯನ್ನೂ ಹೊರಬೇಕಾಗಿ ಬಂದದ್ದು ದೊಡ್ಡ ಬದಲಾವಣೆ. ರಾತ್ರಿ ಎರಡಕ್ಕೆ ಸೈಟ್ ನಿಂತರೆ ಫೋನ್ ಬರುವುದು ಅವನಿಗೇ.

ನಾನು ಕೇಳದೇ ಇದ್ರೂ ಆ್ಯಪ್ ಯಾಕೆ ಬದಲಾಗ್ತಾ ಇರುತ್ತೆ? ನಿನ್ನೆ ಇದ್ದ ಬಟನ್ ಇವತ್ತು ಇಲ್ಲ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಸರ್ವರ್‌ನಲ್ಲಿ ಒಂದು ಕಡೆ ಬದಲಿಸಿದರೆ ಎಲ್ಲರಿಗೂ ಬದಲಾಗುತ್ತದೆ, ಹಾಗಾಗಿ ಬದಲಿಸುವುದು ತುಂಬಾ ಸುಲಭ. ಕೆಲವೊಮ್ಮೆ ಅರ್ಧ ಜನರಿಗೆ ಹಸಿರು ಬಟನ್, ಅರ್ಧ ಜನರಿಗೆ ನೀಲಿ ಬಟನ್ ತೋರಿಸಿ, ಯಾವುದನ್ನು ಜಾಸ್ತಿ ಒತ್ತುತ್ತಾರೆ ಎಂದು ಎಣಿಸುತ್ತಾರೆ. ಹಾಗಾಗಿ ನಿಮ್ಮ ಫೋನಿನಲ್ಲಿ ಕಾಣುವುದು ಪಕ್ಕದವರ ಫೋನಿನಲ್ಲಿ ಕಾಣದೇ ಇರಬಹುದು.

ಭದ್ರತೆಯ ದೋಷ ಸಿಕ್ಕರೆ ತಕ್ಷಣ ಬದಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಟನ್ನಿನ ಜಾಗ ಸುಮ್ನೆ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ನನ್ನ ಅಮ್ಮ ಕರೆಂಟ್ ಬಿಲ್ ಕಟ್ಟುವ ಕ್ರಮವನ್ನು ಕ್ಯಾಲೆಂಡರ್ ಹಿಂದೆ ಬರೆದಿಟ್ಟುಕೊಂಡಿದ್ದಾರೆ: "ಮೂರನೇ ಚೌಕ, ಆಮೇಲೆ ಕೆಳಗೆ ಎಡಗಡೆ". ಚೌಕ ಐದನೇ ಜಾಗಕ್ಕೆ ಹೋದ ದಿನ ಅವರು ಪಕ್ಕದ ಮನೆಯ ಹುಡುಗನನ್ನು ಕರೆಯಬೇಕಾಯಿತು. ಅಷ್ಟು ದಿನ ತಾವೇ ಕಟ್ಟುತ್ತಿದ್ದವರು. ವಿನ್ಯಾಸ ಬದಲಿಸುವ ಮೀಟಿಂಗ್‌ಗಳಲ್ಲಿ ನಾನು ಈಗಲೂ ಆ ಕ್ಯಾಲೆಂಡರಿನ ವಿಷಯ ಹೇಳುತ್ತೇನೆ.

ಈಗಿನ ಜನಕ್ಕೆ ತಾಳ್ಮೆನೇ ಇಲ್ಲ ಅಂತಾರೆ. ಎರಡು ಸೆಕೆಂಡ್ ಕಾಯೋಕ್ಕೆ ಆಗಲ್ವಾ?

ಜನ ಕೆಟ್ಟಿಲ್ಲ, ಅವರ ಅಳತೆಗೋಲು ಬದಲಾಗಿದೆ. ಬೆಳಗ್ಗೆ ಯುಪಿಐನಲ್ಲಿ ಟೀ ದುಡ್ಡು ಕೊಟ್ಟು ಅರೆಗಳಿಗೆಯಲ್ಲಿ "ಆಯ್ತು" ಎಂದು ಕೇಳಿಸಿಕೊಂಡವರು, ಮಧ್ಯಾಹ್ನ ನಿಮ್ಮ ಸೈಟಿಗೆ ಬಂದಾಗಲೂ ಅದೇ ವೇಗ ಬಯಸುತ್ತಾರೆ. ನಿಮ್ಮದು ಸಣ್ಣ ಸಹಕಾರ ಸಂಘವೋ ದೊಡ್ಡ ಬ್ಯಾಂಕೋ, ಅವರಿಗೆ ಅದು ಮುಖ್ಯವಲ್ಲ.

ಮನುಷ್ಯನ ಮನಸ್ಸಿನ ಲೆಕ್ಕ ಹಳೆಯದೇ. ಬಳಕೆಯ ಸಂಶೋಧಕ ಜೇಕಬ್ ನೀಲ್ಸನ್ 1993ರಲ್ಲೇ ಬರೆದಿಟ್ಟಿದ್ದಾರೆ: 0.1 ಸೆಕೆಂಡ್ ಒಳಗೆ ಉತ್ತರ ಬಂದರೆ ತಕ್ಷಣ ಆಯಿತು ಅನಿಸುತ್ತದೆ, 1 ಸೆಕೆಂಡ್ ತನಕ ಯೋಚನೆಯ ಎಳೆ ಕಡಿಯುವುದಿಲ್ಲ, 10 ಸೆಕೆಂಡ್ ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ. ಗೂಗಲ್ 2020ರಿಂದ ಸೈಟ್‌ಗಳ ಗುಣಕ್ಕೆ ಕೆಲವು ಅಳತೆ ಇಟ್ಟಿದೆ. ಪುಟದ ಮುಖ್ಯ ಭಾಗ 2.5 ಸೆಕೆಂಡ್ ಒಳಗೆ ಕಾಣಬೇಕು. ಒತ್ತಿದ್ದಕ್ಕೆ 200 ಮಿಲಿಸೆಕೆಂಡ್ ಒಳಗೆ ಪುಟ ಸ್ಪಂದಿಸಬೇಕು. ಈ ಅಳತೆ 2024ರ ಮಾರ್ಚ್‌ನಲ್ಲಿ ಸೇರಿತು. ಮೂರನೆಯದು, ಪುಟ ಜಿಗಿಯಬಾರದು. "ರದ್ದು ಮಾಡಿ" ಒತ್ತಲು ಹೋದಾಗ ಮೇಲೊಂದು ಜಾಹೀರಾತು ಬಂದು ಪುಟ ಕೆಳಗೆ ಜಾರಿ, ಬೆರಳು "ಪಾವತಿಸಿ" ಮೇಲೆ ಬಿದ್ದ ಅನುಭವ ನಿಮಗೂ ಆಗಿರುತ್ತದೆ. ಚಿತ್ರಕ್ಕೂ ಜಾಹೀರಾತಿಗೂ ಮೊದಲೇ ಜಾಗ ಬಿಟ್ಟಿದ್ದರೆ ಅದು ಆಗುವುದಿಲ್ಲ.

ಅರ್ಧ ಗಂಟೆ ಕೂತು ಫಾರಂ ತುಂಬಿದ್ದೆ. ಬ್ಯಾಕ್ ಒತ್ತಿದ್ದಕ್ಕೆ ಎಲ್ಲಾ ಹೋಯ್ತು. ಯಾಕೆ ಹೀಗೆ?

ವೆಬ್‌ನ ಮೂಲ ಸ್ವಭಾವ ಮರೆವು. ಬ್ರೌಸರ್ ಪುಟ ಕೇಳುತ್ತದೆ, ಸರ್ವರ್ ಕೊಡುತ್ತದೆ, ಕೊಟ್ಟ ಮೇಲೆ ನೀವು ಯಾರು ಎಂಬುದೇ ಅದಕ್ಕೆ ನೆನಪಿರುವುದಿಲ್ಲ. ನೆನಪಿಟ್ಟುಕೊಳ್ಳಲಿ ಎಂದು ನಾವು ಸೆಷನ್ ಎಂಬ ಚೀಟಿ ಕೊಡುತ್ತೇವೆ. ಚೀಟಿಗೆ ಅವಧಿ ಇರುತ್ತದೆ. ನೀವು ಆಧಾರ್ ಕಾರ್ಡ್ ಹುಡುಕಲು ಎದ್ದು ಹೋದಾಗ ಅವಧಿ ಮುಗಿದರೆ, ಬಂದು ನೋಡುವಾಗ ಫಾರಂ ಖಾಲಿ.

ತಪ್ಪಿಸುವುದು ಕಷ್ಟವಲ್ಲ. ಬರೆದದ್ದನ್ನು ಆಗಾಗ ಬ್ರೌಸರ್‌ನಲ್ಲೇ ಅಥವಾ ಸರ್ವರ್‌ನಲ್ಲಿ ಕರಡಾಗಿ ಉಳಿಸಬಹುದು, ಅವಧಿ ಮುಗಿಯುವ ಮುಂಚೆ "ಇನ್ನೂ ಸಮಯ ಬೇಕಾ" ಎಂದು ಕೇಳಬಹುದು. ಒಂದು ದಿನದ ಕೆಲಸ. ಯಾರೂ ಕೇಳಲಿಲ್ಲ ಎಂದು ಬಿಟ್ಟುಬಿಡುತ್ತಾರೆ, ಅಷ್ಟೇ.

ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ವರ್ಷಗಳ ಹಿಂದೆ ಬರೆದ ಒಂದು ಅರ್ಜಿಯಲ್ಲಿ "ಕೊನೆಯ ಹೆಸರು" ಕಡ್ಡಾಯ, ಕನಿಷ್ಠ 2 ಅಕ್ಷರ ಇರಬೇಕು ಎಂದು ನಿಯಮ ಹಾಕಿದ್ದೆ. ಆಮೇಲೆ ಹಾಸನದ ಒಂದು ಸೈಬರ್ ಸೆಂಟರ್‌ನಲ್ಲಿ ಅದೇ ಅರ್ಜಿ ತುಂಬುವುದನ್ನು ಕಣ್ಣಾರೆ ನೋಡಿದೆ. ಹೆಣ್ಣುಮಗಳ ಹೆಸರಿನ ಜೊತೆ ಇದ್ದದ್ದು ಒಂದೇ ಇನಿಷಿಯಲ್. ಕೆಂಪು ಅಕ್ಷರದಲ್ಲಿ ಮತ್ತೆ ಮತ್ತೆ ತಪ್ಪು ತೋರಿಸುತ್ತಿತ್ತು. ಕೊನೆಗೆ ಸೆಂಟರಿನ ಹುಡುಗ ಅದೇ ಇನಿಷಿಯಲ್ ಎರಡು ಸಲ ಒತ್ತಿ ಕಳಿಸಿದ. ಆಕೆಯ ಹೆಸರು ದಾಖಲೆಯಲ್ಲಿ ಶಾಶ್ವತವಾಗಿ ತಪ್ಪಾಯಿತು, ನಾನು ಬರೆದ ಒಂದು ಸಾಲಿನಿಂದ. ಕರ್ನಾಟಕದಲ್ಲಿ ಎಷ್ಟೋ ಜನರ ಹೆಸರು ಹೀಗೇ ಇರುತ್ತದೆ, ನನ್ನದೂ ಹೌದು. ಆದರೂ ಬರೆಯುವಾಗ ಹೊಳೆದಿರಲಿಲ್ಲ.

ಅಕೌಂಟಿಂದ ಹಣ ಕಟ್ ಆಯ್ತು, ಟಿಕೆಟ್ ಬರಲಿಲ್ಲ. ಹಣ ಎಲ್ಲಿ ಹೋಗುತ್ತೆ?

ನಿಮ್ಮ ಬ್ಯಾಂಕು, ಟಿಕೆಟ್ ಮಾರುವ ಸೈಟು, ನಡುವೆ ಹಣ ದಾಟಿಸುವ ಪೇಮೆಂಟ್ ಗೇಟ್‌ವೇ, ಇವೆಲ್ಲ ಬೇರೆ ಬೇರೆ ಕಂಪನಿಗಳ ಕಂಪ್ಯೂಟರುಗಳು. ಬ್ಯಾಂಕು ಹಣ ತೆಗೆದು "ಆಯಿತು" ಎಂದು ಹೇಳಿ ಕಳಿಸುತ್ತದೆ. ಆ ಉತ್ತರ ದಾರಿಯಲ್ಲಿ ಕಳೆದುಹೋದರೆ ಸೈಟಿಗೆ ಏನೂ ಗೊತ್ತಾಗುವುದಿಲ್ಲ. ಹಣ ಬಂದಿರಬಹುದು, ಬರದೇ ಇರಬಹುದು. ಹಾಗಾಗಿ ಟಿಕೆಟ್ ಕೊಡುವುದಿಲ್ಲ.

ಚೆನ್ನಾಗಿ ಬರೆದ ಸಾಫ್ಟ್‌ವೇರ್ ಇಂಥ ಹೊತ್ತಿನಲ್ಲಿ ಸ್ವಲ್ಪ ಕಾದು, ಮತ್ತೆ ಬ್ಯಾಂಕನ್ನು ವಿಚಾರಿಸುತ್ತದೆ. ಪ್ರತಿ ಪಾವತಿಗೂ ಒಂದು ನಂಬರ್ ಕೊಟ್ಟಿರುತ್ತದೆ. ಅದೇ ನಂಬರಿನ ಕೋರಿಕೆ ಎರಡನೇ ಸಲ ಬಂದರೆ ಬ್ಯಾಂಕು ಮತ್ತೆ ಹಣ ತೆಗೆಯುವುದಿಲ್ಲ, ಹಳೆಯ ಉತ್ತರವನ್ನೇ ಹೇಳುತ್ತದೆ. ನೀವು ಗಾಬರಿಯಲ್ಲಿ ಬಟನ್ ಎರಡು ಸಲ ಒತ್ತಿದರೂ ಒಂದೇ ಸಲ ಹಣ ಹೋಗಬೇಕು ಎಂದರೆ ಈ ಏರ್ಪಾಡು ಬೇಕೇ ಬೇಕು. "ದಯವಿಟ್ಟು ರಿಫ್ರೆಶ್ ಮಾಡಬೇಡಿ" ಎಂದು ಬರೆದು ಕೈ ತೊಳೆದುಕೊಳ್ಳುವ ಸೈಟ್‌ಗಳು ತಮ್ಮ ಹೊರೆಯನ್ನು ನಿಮ್ಮ ತಲೆಗೆ ಕಟ್ಟುತ್ತಿವೆ.

ಇನ್ನೊಂದು ತಿಳಿದಿರಲಿ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಇದಕ್ಕೆ ಗಡುವು ಹಾಕಿದೆ. ಯುಪಿಐನಲ್ಲಿ ಅಂಗಡಿಗೆ ಕೊಟ್ಟ ಹಣ ಖಾತೆಯಿಂದ ಹೋಗಿ, ಅಂಗಡಿಗೆ ದೃಢೀಕರಣ ಸಿಗದಿದ್ದರೆ, ಆ ದಿನ ಬಿಟ್ಟು 5 ದಿನದೊಳಗೆ ಹಣ ತಾನಾಗಿ ವಾಪಸ್ ಬರಬೇಕು. ಗಡುವು ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ವ್ಯವಹಾರದ ನಂಬರ್ ಬರೆದಿಟ್ಟುಕೊಂಡು ಬ್ಯಾಂಕಿಗೆ ದೂರು ಕೊಡಿ.

## ಕನ್ನಡದ ಪ್ರಶ್ನೆಗಳು

ನುಡಿಯಲ್ಲಿ ಟೈಪ್ ಮಾಡಿದ್ದನ್ನ ವೆಬ್‌ಸೈಟಿಗೆ ಹಾಕಿದ್ರೆ ಏನೇನೋ ಇಂಗ್ಲಿಷ್ ಗುರುತು ಬರುತ್ತೆ. ಯಾಕೆ?

ನುಡಿಯಂಥ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳು ಕಂಪ್ಯೂಟರಿಗೆ ಕನ್ನಡ ಕಲಿಸಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಮುಖ ತೊಡಿಸಿದವು. ನೀವು ಆ ಫಾಂಟಿನಲ್ಲಿ "ಕನ್ನಡ" ಎಂದು ಬರೆದಾಗ ಫೈಲಿನಲ್ಲಿ ಉಳಿಯುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ಪೌಂಡ್ ಹಣದ ಗುರುತು, ಇಂಥವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಆ ಗುರುತುಗಳ ರಾಶಿ. ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಜಗತ್ತಿನ ಲಿಪಿಗಳ ಅಕ್ಷರಗಳಿಗೆ ನಂಬರ್ ಕೊಡುವ ಯೂನಿಕೋಡ್ ಎಂಬ ಪಟ್ಟಿಯಲ್ಲಿ 1991ರಿಂದಲೇ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ನಂಬರ್ ಇದೆ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಸಮೇತ ಬಂತು. ಅದಕ್ಕೂ ಮುಂಚೆ ಕನ್ನಡದ ಸೈಟ್ ಓದಬೇಕಾದರೆ ಮೊದಲು ಅವರ ಫಾಂಟ್ ಇಳಿಸಿಕೊಳ್ಳಬೇಕಿತ್ತು. ಅಂಥ ಕಾಲದಲ್ಲೂ, 1996ರಲ್ಲೇ, ಯು.ಬಿ. ಪವನಜ ಅವರು ವಿಶ್ವಕನ್ನಡ ಎಂಬ ವೆಬ್ ಪತ್ರಿಕೆ ತಂದರು. ಶೇಷಾದ್ರಿವಾಸು ಅವರು 1998ರಲ್ಲಿ ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಕೊಟ್ಟರು. ಇವರ ಋಣ ನಮ್ಮ ಮೇಲಿದೆ. ನುಡಿ, ಬರಹ ಎರಡರಲ್ಲೂ ಈಗ ಯೂನಿಕೋಡ್ ಇದೆ, ಆ ಆಯ್ಕೆ ಮಾಡಿಕೊಂಡು ಟೈಪ್ ಮಾಡಿ. ಹಳೆಯ ಫೈಲುಗಳಿದ್ದರೆ ಪರಿವರ್ತಕಗಳು ಸಿಗುತ್ತವೆ, ಆದರೆ ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ.

ಯೂನಿಕೋಡ್ ಬಂತಲ್ಲ, ಇನ್ನು ಕನ್ನಡಕ್ಕೆ ಏನು ತೊಂದರೆ?

ಅಕ್ಷರ ಕಾಣುವುದು ಬೇರೆ, ಸಾಫ್ಟ್‌ವೇರಿಗೆ ಕನ್ನಡ ಅರ್ಥವಾಗುವುದು ಬೇರೆ. "ಸ್ತ್ರೀ" ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ವೆಬ್ ಪುಟಗಳನ್ನು ಓಡಿಸುವ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಉದ್ದ ಕೇಳಿದರೆ 6 ಎನ್ನುತ್ತದೆ: ಸ, ಹಲಂತ, ತ, ಹಲಂತ, ರ, ದೀರ್ಘ. ಹಾಗಾಗಿ "ಹೆಸರು 10 ಅಕ್ಷರ ಮೀರಬಾರದು" ಎಂದು ಇಂಗ್ಲಿಷ್ ಲೆಕ್ಕದಲ್ಲಿ ಬರೆದ ಪ್ರೋಗ್ರಾಂಗೆ ಶ್ರೀರಂಗಪಟ್ಟಣ ಕೊಟ್ಟರೆ "ಶ್ರೀರಂಗಪಟ್" ಎಂದು ಕತ್ತರಿಸುತ್ತದೆ. ಊರಿನ ಬಾಲವೇ ಹೋಯಿತು. ಎಸ್‌ಎಂಎಸ್‌ನಲ್ಲೂ ಇದೇ ಕಥೆ: ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿದರೆ, ಯೂನಿಕೋಡ್ ಕನ್ನಡದಲ್ಲಿ ಸಾಮಾನ್ಯವಾಗಿ 70. ಅದೂ ಒತ್ತು, ಕೊಂಬು, ಗುಣಿತವನ್ನೆಲ್ಲ ಬೇರೆ ಬೇರೆ ಎಣಿಸಿ.

ಹುಡುಕುವುದರಲ್ಲಿ ಇನ್ನೊಂದು ತೊಡಕು. "ರಾಜ್‌ಕುಮಾರ್" ಮತ್ತು "ರಾಜ್ಕುಮಾರ್" ಎರಡನ್ನೂ ನೋಡಿ. ಮೊದಲನೆಯದರ ನಡುವೆ ಕಣ್ಣಿಗೆ ಕಾಣದ ಒಂದು ಗುರುತಿದೆ, ಅದೇ ಒತ್ತು ಕೂಡಿಕೊಳ್ಳದಂತೆ ತಡೆಯುತ್ತದೆ. ಕಂಪ್ಯೂಟರಿಗೆ ಇವು ಎರಡು ಬೇರೆ ಪದಗಳು. ಹುಡುಕುವ ಮುಂಚೆ ಎರಡೂ ಕಡೆಯಿಂದ ಆ ಗುರುತನ್ನು ತೆಗೆದು ಹೋಲಿಸಬೇಕು. ಒಂದೇ ಸಾಲಿನ ಕೋಡ್, ಆದರೆ ಕನ್ನಡ ಬಲ್ಲವರು ತಂಡದಲ್ಲಿದ್ದರೆ ಮಾತ್ರ ಹೊಳೆಯುತ್ತದೆ.

ಕನ್ನಡದಲ್ಲಿ ಮಾಡಿಕೊಟ್ರೂ ಜನ ಇಂಗ್ಲಿಷೇ ಬಳಸ್ತಾರೆ ಅಂತಾರಲ್ಲ?

ಎಂಥ ಕನ್ನಡ ಕೊಟ್ಟಿದ್ದೀರಿ ಎಂದು ನೋಡಬೇಕು. ಮುಖಪುಟಕ್ಕೆ ಹೋಗುವ ಬಟನ್ ಮೇಲೆ "ಮನೆ" ಎಂದು ಬರೆದದ್ದನ್ನು ನೋಡಿದ್ದೇನೆ. ಹಿಂದಕ್ಕೆ ಹೋಗುವ ಬಟನ್ ಮೇಲೆ "ಬೆನ್ನು" ಎಂದಿತ್ತು. ಪದಗಳ ಪಟ್ಟಿಯನ್ನಷ್ಟೇ ಕೊಟ್ಟು, ಅದು ಎಲ್ಲಿ ಬರುತ್ತದೆ ಎಂದು ತೋರಿಸದೆ ಅನುವಾದ ಮಾಡಿಸಿದರೆ ಹೀಗೇ ಆಗುವುದು. ಅದನ್ನು ನೋಡಿದವರು ಮತ್ತೆ ಇಂಗ್ಲಿಷಿಗೇ ಹೋಗುತ್ತಾರೆ, ತಪ್ಪು ಅವರದಲ್ಲ.

ಜನ ಬಾಯಲ್ಲಿ "ಪಾಸ್‌ವರ್ಡ್" ಎಂದರೆ ಹಾಗೇ ಬರೆಯಿರಿ. "ಗುಪ್ತಪದ" ಎಂದರೆ ಯೋಚಿಸಿ ನಿಲ್ಲುತ್ತಾರೆ. ಆದರೆ "ಹಣ ಕಳಿಸಿ", "ಮುಂದೆ", "ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ" ಇವೆಲ್ಲ ಚಂದದ ಕನ್ನಡ. ಮೊದಲ ಪುಟ ಕನ್ನಡ, ದುಡ್ಡು ಕಟ್ಟುವ ಪುಟ ಇಂಗ್ಲಿಷ್, ಇದಂತೂ ಬೇಡ. ಭಯ ಇರುವುದೇ ದುಡ್ಡಿನ ಪುಟದಲ್ಲಿ. ಅಲ್ಲೇ ತಾಯ್ನುಡಿ ಬೇಕು.

## ಕೆಲಸ ಮಾಡುವವರ, ಕಲಿಯುವವರ ಪ್ರಶ್ನೆಗಳು

ಆ್ಯಪ್ ಮಾಡೋದಾ, ವೆಬ್‌ಸೈಟ್ ಮಾಡೋದಾ?

ಈ ಪ್ರಶ್ನೆಗೆ ಬೆಂಗಳೂರಿನಲ್ಲೇ ಒಳ್ಳೆಯ ಪಾಠ ನಡೆದಿದೆ. 2015ರ ಮೇ ತಿಂಗಳಲ್ಲಿ ಮಿಂತ್ರಾ ತನ್ನ ವೆಬ್‌ಸೈಟ್ ಮುಚ್ಚಿ ಆ್ಯಪ್ ಒಂದರಲ್ಲೇ ಮಾರುತ್ತೇನೆ ಎಂದಿತು. 2016ರ ಜೂನ್‌ನಲ್ಲಿ ಡೆಸ್ಕ್‌ಟಾಪ್ ಸೈಟ್ ಮತ್ತೆ ತೆರೆಯಿತು. ಫ್ಲಿಪ್‌ಕಾರ್ಟ್ ಕೂಡ ಮೊಬೈಲ್ ಸೈಟ್ ನಿಲ್ಲಿಸಿ, 2015ರ ನವೆಂಬರ್‌ನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಹೆಸರಿನಲ್ಲಿ ವೆಬ್‌ಗೆ ವಾಪಸ್ ಬಂತು. ಅದು ಬ್ರೌಸರ್‌ನಲ್ಲೇ ನಡೆಯುತ್ತಿತ್ತು, ಹೋಮ್ ಸ್ಕ್ರೀನಿಗೆ ಸೇರಿಸಬಹುದಿತ್ತು, ನೆಟ್ ಕೈಕೊಟ್ಟರೂ ಪೂರ್ತಿ ನಿಲ್ಲುತ್ತಿರಲಿಲ್ಲ. ಪ್ರೋಗ್ರೆಸಿವ್ ವೆಬ್ ಆ್ಯಪ್ ಎಂಬ ಹೆಸರು ಹುಟ್ಟಿದ್ದೂ ಅದೇ ವರ್ಷ.

ನನ್ನ ಅಭಿಪ್ರಾಯ ಕೇಳಿದರೆ, ವರ್ಷಕ್ಕೆ ಎರಡು ಮೂರು ಸಲ ಬಳಸುವ ಸೇವೆಗೆ ಆ್ಯಪ್ ಬೇಡ. ಫೋನಿನಲ್ಲಿ ಜಾಗ ಇಲ್ಲದೆ ಮಗಳ ಫೋಟೋ ಅಳಿಸಿ ನಿಮ್ಮ ಆ್ಯಪ್ ಹಾಕಿಕೊಳ್ಳಬೇಕಾ? ದಿನಾ ಬಳಸುವುದಾದರೆ, ಅಥವಾ ಬ್ಲೂಟೂತ್‌ನಂಥ ಫೋನಿನ ಒಳಗಿನ ಸೌಲಭ್ಯಗಳು ತುಂಬಾ ಬೇಕಾದರೆ ಆ್ಯಪ್ ಸರಿ.

ದಿನಾ ಹೊಸ ಕೋಡ್ ಹಾಕ್ತೀರಿ ಅಂದ್ರೆ, ಪರೀಕ್ಷೆ ಮಾಡದೇ ಜನರ ಮೇಲೆ ಪ್ರಯೋಗ ಮಾಡ್ತೀರಾ?

ಸರಿಯಾಗಿ ಮಾಡುವ ಕಡೆ, ಇಲ್ಲ. ಪ್ರತಿ ಬದಲಾವಣೆಯನ್ನೂ ಮೊದಲು ಇನ್ನೊಬ್ಬರು ಓದುತ್ತಾರೆ. ಆಮೇಲೆ ಯಂತ್ರವೇ ನೂರಾರು ಪರೀಕ್ಷೆ ಓಡಿಸುತ್ತದೆ. ಮೊದಲು ನೂರಕ್ಕೆ ಒಬ್ಬರಿಗೆ ಮಾತ್ರ ಹೊಸದನ್ನು ಕೊಟ್ಟು, ತಪ್ಪುಗಳ ಲೆಕ್ಕ ಏರುತ್ತಿದೆಯೇ ಎಂದು ನೋಡಿ, ನಿಧಾನಕ್ಕೆ ಎಲ್ಲರಿಗೂ ಕೊಡುತ್ತಾರೆ. ತೊಂದರೆ ಕಂಡರೆ ಹಳೆಯದಕ್ಕೆ ಮರಳುತ್ತಾರೆ.

ಈ ಮರಳುವ ದಾರಿ ಎಷ್ಟು ಮುಖ್ಯ ಎಂದು ನಾನು ಕಲಿತದ್ದು ಒಂದು ಶುಕ್ರವಾರ ಸಂಜೆ. ದಿನಾಂಕ ಓದುವ ಕೋಡ್ ಬದಲಿಸಿ ಮನೆಗೆ ಹೊರಟಿದ್ದೆ. ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಿನಲ್ಲಿದ್ದಾಗ ಫೋನ್ ಬಂತು. ದಿನ ಮತ್ತು ತಿಂಗಳು ಅದಲುಬದಲಾಗಿತ್ತು: 5ನೇ ತಾರೀಖು ಜೂನ್ ಹೋಗಿ 6ನೇ ತಾರೀಖು ಮೇ. 12ಕ್ಕಿಂತ ದೊಡ್ಡ ತಾರೀಖಾಗಿದ್ದರೆ ತಪ್ಪು ಕೂಡಲೇ ಕಾಣುತ್ತಿತ್ತು, ಏಕೆಂದರೆ 13ನೇ ತಿಂಗಳು ಇಲ್ಲ. ಆವತ್ತು ತಿಂಗಳ ಮೊದಲ ವಾರ, ಹಾಗಾಗಿ ಪರೀಕ್ಷೆಗಳೆಲ್ಲ ಪಾಸಾಗಿದ್ದವು. ಕೋಡನ್ನು ಹತ್ತು ನಿಮಿಷದಲ್ಲಿ ಹಿಂದಕ್ಕೆ ತಂದೆವು. ಅಷ್ಟರಲ್ಲಿ ತಪ್ಪಾಗಿ ಸೇರಿದ್ದ ದಾಖಲೆಗಳನ್ನು ಒಂದೊಂದಾಗಿ ತಿದ್ದಲು ಸೋಮವಾರದ ತನಕ ಹಿಡಿಯಿತು. ಕೋಡ್ ಹಿಂದಕ್ಕೆ ಬರುತ್ತದೆ, ದತ್ತಾಂಶ ತಾನಾಗಿ ಬರುವುದಿಲ್ಲ.

ಒಂದು ಸಣ್ಣ ಪುಟಕ್ಕೂ ಇಷ್ಟೊಂದು ಲೈಬ್ರರಿ ಯಾಕೆ ಹಾಕ್ತಾರೆ?

ಬೇಗ ಮುಗಿಯಲಿ ಎಂದು. ಲೈಬ್ರರಿ ಎಂದರೆ ಬೇರೆಯವರು ಬರೆದು ಹಂಚಿಟ್ಟ ಕೋಡ್. ಅದನ್ನು ಬಳಸುವುದು ವೆಬ್‌ನ ದೊಡ್ಡ ಶಕ್ತಿ. ಸರ್ನ್ 1993ರ ಏಪ್ರಿಲ್ 30ರಂದು ವೆಬ್‌ನ ತಂತ್ರಜ್ಞಾನವನ್ನೇ ಎಲ್ಲರಿಗೂ ಉಚಿತ ಎಂದು ಬಿಟ್ಟುಕೊಟ್ಟಿತು, ಅಲ್ಲಿಂದ ಬಂದ ಸಂಪ್ರದಾಯ ಇದು.

ಆದರೆ ಎರವಲಿಗೂ ಮಿತಿ ಇದೆ. ಪದದ ಎಡಕ್ಕೆ ಖಾಲಿ ಜಾಗ ತುಂಬುವ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜ್ ಒಂದಿತ್ತು. 2016ರ ಮಾರ್ಚ್‌ನಲ್ಲಿ ಒಂದು ಜಗಳದ ನಂತರ ಬರೆದವರು ಅದನ್ನು ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರದಿಂದ ತೆಗೆದರು. ಜಗತ್ತಿನ ದೊಡ್ಡ ದೊಡ್ಡ ಪ್ರಾಜೆಕ್ಟ್‌ಗಳ ಕೆಲಸ ಆ ಹೊತ್ತಿಗೆ ನಿಂತಿತು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯಲ್ಲಿ ಬಹಿರಂಗವಾದ ಭದ್ರತೆಯ ದೋಷ ಇನ್ನೂ ಗಂಭೀರ. ತಮ್ಮ ಸಾಫ್ಟ್‌ವೇರ್ ಒಳಗೆ ಅದು ಇದೆಯೇ ಎಂದೇ ಎಷ್ಟೋ ಕಂಪನಿಗಳಿಗೆ ಗೊತ್ತಿರಲಿಲ್ಲ.

ಭಾರವನ್ನು ಹೊರುವುದು ಬಳಸುವವರ ಫೋನ್. ಜಾವಾಸ್ಕ್ರಿಪ್ಟ್ ಇಳಿದರಷ್ಟೇ ಸಾಲದು, ಫೋನ್ ಅದನ್ನು ಓದಿ ಓಡಿಸಬೇಕು. ನಿಮ್ಮ ದುಬಾರಿ ಲ್ಯಾಪ್‌ಟಾಪ್‌ನಲ್ಲಿ ಗೊತ್ತೇ ಆಗದ ಕೆಲಸಕ್ಕೆ ಅಗ್ಗದ ಫೋನ್ ಬಿಸಿಯಾಗುತ್ತದೆ.

ಕಣ್ಣು ಕಾಣದವರು ವೆಬ್‌ಸೈಟ್ ಹೇಗೆ ಬಳಸ್ತಾರೆ? ನಾವು ಅವರಿಗಾಗಿ ಬೇರೆ ಮಾಡಬೇಕಾ?

ಬೇರೆ ಬೇಡ, ಇರುವುದನ್ನೇ ನೆಟ್ಟಗೆ ಮಾಡಿದರೆ ಸಾಕು. ಸ್ಕ್ರೀನ್ ರೀಡರ್ ಎಂಬ ಸಾಫ್ಟ್‌ವೇರ್ ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. ಬಟನ್ನಿಗೆ ಬಟನ್ ಎಂದೇ ಗುರುತು ಹಾಕಿ, ಚಿತ್ರಕ್ಕೆ ವಿವರಣೆ ಬರೆಯಿರಿ. ಕನ್ನಡ ಪುಟವಾದರೆ ಅದರ ಭಾಷೆ ಕನ್ನಡ ಎಂದು ಕೋಡ್‌ನ ಮೊದಲಲ್ಲೇ ತಿಳಿಸಿ, ಇಲ್ಲದಿದ್ದರೆ ಇಂಗ್ಲಿಷ್ ದನಿ ಕನ್ನಡ ಓದಲು ಹೋಗಿ ತಡವರಿಸುತ್ತದೆ. ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಅಂತರ ಇರಲಿ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ತಿಳಿಬೂದು ಅಕ್ಷರ ನಮ್ಮಂಥ ನಲವತ್ತು ದಾಟಿದವರಿಗೂ ಬಿಸಿಲಿನಲ್ಲಿ ಕಾಣುವುದಿಲ್ಲ.

ಇದು ದಯೆಯ ಮಾತಲ್ಲ, ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವುದು ಬದುಕುವ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ತಂದವರಲ್ಲಿ ಆ್ಯಸಿಡ್ ದಾಳಿಗೆ ಒಳಗಾದವರಿದ್ದರು. ಬ್ಯಾಂಕಿನ ಆನ್‌ಲೈನ್ ಕೆವೈಸಿ "ಕಣ್ಣು ಮಿಟುಕಿಸಿ" ಎನ್ನುತ್ತಿತ್ತು. ಅವರಿಗೆ ಮಿಟುಕಿಸಲು ಆಗುತ್ತಿರಲಿಲ್ಲ.

ನೆಟ್ ಹೋದ್ರೆ ಎಲ್ಲಾ ನಿಲ್ಲುತ್ತೆ, ಕಂಪನಿ ಮುಚ್ಚಿದ್ರೆ ನಮ್ಮ ಫೈಲೂ ಹೋಗುತ್ತೆ. ಸಿಡಿ ಕಾಲವೇ ಚೆನ್ನಾಗಿತ್ತಲ್ವಾ?

ಈ ವಿಷಯದಲ್ಲಿ ಸಿಡಿ ಕಾಲ ಚೆನ್ನಾಗಿತ್ತು, ಒಪ್ಪುತ್ತೇನೆ. ಕೊಂಡದ್ದು ನಮ್ಮದಾಗಿತ್ತು. ಅಡೋಬಿ 2013ರಲ್ಲಿ ತನ್ನ ವಿನ್ಯಾಸದ ಸಾಫ್ಟ್‌ವೇರ್‌ಗಳ ಹೊಸ ಆವೃತ್ತಿಗಳನ್ನು ಚಂದಾಗೆ ಮಾತ್ರ ಕೊಡುತ್ತೇನೆ ಎಂದಿತು. ಅದೇ ವರ್ಷ ಜುಲೈ 1ರಂದು, ಹಲವು ಸೈಟ್‌ಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್ ನಿಂತುಹೋಯಿತು, ಎಷ್ಟೇ ಜನ ಬೇಡಿಕೊಂಡರೂ.

ನೆಟ್ ಇಲ್ಲದಾಗ ನಡೆಸುವ ದಾರಿ ಈಗ ಬ್ರೌಸರ್‌ನಲ್ಲೇ ಇದೆ. ಸರ್ವಿಸ್ ವರ್ಕರ್ ಎಂಬ ಸಣ್ಣ ಪ್ರೋಗ್ರಾಂ ಪುಟಗಳನ್ನು ಫೋನಿನಲ್ಲೇ ಉಳಿಸಿಕೊಂಡು, ಸಿಗ್ನಲ್ ಬಂದಾಗ ಬಾಕಿ ಕಳಿಸುತ್ತದೆ. ಮಲೆನಾಡಿನಲ್ಲಿ ಮನೆ ಮನೆ ಸಮೀಕ್ಷೆ ಮಾಡುವವರಿಗೆ ಬರೆದುಕೊಡುವುದಾದರೆ ಇದನ್ನು ಮೊದಲ ದಿನವೇ ಯೋಚಿಸಬೇಕು, ಆಮೇಲೆ ತೇಪೆ ಹಚ್ಚಲು ಆಗುವುದಿಲ್ಲ. ಫೈಲಿನ ವಿಷಯದಲ್ಲಿ ನನ್ನ ನಿಯಮ ಒಂದೇ: "ನನ್ನದೆಲ್ಲ ಇಳಿಸಿಕೊಳ್ಳುತ್ತೇನೆ" ಎಂಬ ಬಟನ್ ಇಲ್ಲದ ಸೇವೆಗೆ ಮುಖ್ಯವಾದದ್ದನ್ನು ಕೊಡುವುದಿಲ್ಲ.

ಎಐ ಕೋಡ್ ಬರೆಯುತ್ತಲ್ಲ ಸರ್, ನಾವು ಕಲಿತು ಏನು ಮಾಡೋದು?

ಕೋಡ್ ಬರೆಯಲು ನೆರವಾಗುವ ಗಿಟ್‌ಹಬ್ ಕೋಪೈಲಟ್ 2021ರಲ್ಲಿ, ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂದವು. ನಾನೂ ದಿನಾ ಇಂಥವನ್ನು ಬಳಸುತ್ತೇನೆ, ಟೈಪ್ ಮಾಡುವ ಹೊತ್ತು ಉಳಿದಿದೆ. ಆದರೆ ಇನಿಷಿಯಲ್ ಮಾತ್ರ ಇರುವ ಹೆಣ್ಣುಮಗಳ ಅರ್ಜಿ ಇಲ್ಲಿ ನಿಂತುಬಿಡುತ್ತದೆಯೇ ಎಂದು ಕೇಳುವವರು ಬೇಕು. ಬಂದ ಕೋಡ್ ಸರಿಯೇ ಎಂದು ಓದಿ ಹೇಳಲು ಮೂಲ ಗೊತ್ತಿರಬೇಕು. ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್, ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮ ಎಚ್‌ಟಿಟಿಪಿ, ಮಾಹಿತಿ ಕೂಡಿಡುವ ಡೇಟಾಬೇಸ್ ಇವನ್ನು ಚೆನ್ನಾಗಿ ಕಲಿಯಿರಿ. ಫ್ರೇಮ್‌ವರ್ಕ್‌ಗಳು, ಅಂದರೆ ಇವುಗಳ ಮೇಲೆ ಕಟ್ಟಿದ ಸಿದ್ಧ ಚೌಕಟ್ಟುಗಳು, ಬರುತ್ತವೆ, ಹೋಗುತ್ತವೆ.

ನಾನು ಮಾಡಿದ ಸೈಟ್ ಚೆನ್ನಾಗಿದೆಯಾ ಅಂತ ನಾನೇ ಹೇಗೆ ನೋಡ್ಕೊಳ್ಳೋದು?

ಮನೆಯಲ್ಲಿರುವ ಹಳೆಯ ಫೋನ್ ತೆಗೆದುಕೊಳ್ಳಿ. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ತೆರೆಯಿರಿ. ಕ್ರೋಮ್‌ನ ಡೆವಲಪರ್ ಟೂಲ್‌ಗಳಲ್ಲೂ ನಿಧಾನದ ನೆಟ್ ಇಟ್ಟು ನೋಡಬಹುದು, ಆದರೆ ಕೈಯಲ್ಲಿ ಹಿಡಿದು ನೋಡಿದ ಹಾಗಾಗುವುದಿಲ್ಲ. ಮೌಸ್ ಬದಿಗಿಟ್ಟು ಬರೀ ಟ್ಯಾಬ್ ಮತ್ತು ಎಂಟರ್ ಕೀಲಿಯಲ್ಲಿ ಫಾರಂ ತುಂಬಿ ಕಳಿಸಿ. ಅಕ್ಷರವನ್ನು ಎರಡು ಪಟ್ಟು ದೊಡ್ಡದು ಮಾಡಿ, ಏನಾದರೂ ಒಂದರ ಮೇಲೊಂದು ಬಿತ್ತಾ ನೋಡಿ. ಹೆಸರಿನ ಜಾಗದಲ್ಲಿ ಒಂದೇ ಇನಿಷಿಯಲ್ ಹಾಕಿ, ಆಮೇಲೆ ಕನ್ನಡದಲ್ಲಿ ಶ್ರೀರಂಗಪಟ್ಟಣ ಎಂದು ಹಾಕಿ.

ಇಷ್ಟಾದ ಮೇಲೆ, ಈ ಕೆಲಸದ ಗಂಧವೇ ಗೊತ್ತಿಲ್ಲದ ಒಬ್ಬರ ಕೈಗೆ ಫೋನ್ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. "ಅದನ್ನ ಒತ್ತಿ" ಎಂದು ಹೇಳಬೇಡಿ. ಅವರ ಬೆರಳು ಎಲ್ಲಿ ತಡೆದು ನಿಲ್ಲುತ್ತದೆ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ನಾನು ಐದು ಜನರ ಜೊತೆ ಕೂರುತ್ತೇನೆ. ಸಾಮಾನ್ಯವಾಗಿ ಮೂರನೆಯವರ ಹೊತ್ತಿಗೆ ಚೀಟಿ ತುಂಬಿರುತ್ತದೆ.